ಗಟ್ಟಿಮೇಳದ ಹೊತ್ತಿಗೂ ಬೇಲೂರಿನ ಕತ್ತಲಿಗೂ ಯಾವ ಕ್ಯಾಮೆರಾ?

(ಹವ್ಯಾಸಿಗಳ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ಫೋಟೋಗಳು ಇಲ್ಲಿಲ್ಲ, ಅದಕ್ಕೆ ಕೆಲವು ಕಡೆ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

"ಯಾವ ಕ್ಯಾಮೆರಾ ತಗೊಳ್ಳಲಿ?" ಎಂದು ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಮುಂದೆ ಏನೋ ಒಂದು ಕಾರ್ಯಕ್ರಮ ಇರುತ್ತದೆ. ತಂಗಿಯ ಮದುವೆ, ಮಗುವಿನ ನಾಮಕರಣ, ಅಪ್ಪನ ಷಷ್ಟ್ಯಬ್ದಿ, ಇಲ್ಲವಾದರೆ ದಸರಾ ರಜೆಗೆ ಹಂಪಿ, ಬಾದಾಮಿ ಕಡೆ ಪ್ರವಾಸ. ದಿನಾಂಕ ಗೊತ್ತಿದೆ, ಕೈಯಲ್ಲಿರುವ ದುಡ್ಡೂ ಹೆಚ್ಚುಕಡಿಮೆ ಗೊತ್ತಿದೆ, ಅಂಗಡಿಗೆ ಹೋಗುವ ಮೊದಲು ಒಂದು ಮಾಡೆಲ್ ಹೆಸರು ಬೇಕು, ಅಷ್ಟೇ. ನಾನು ಹೆಸರು ಹೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ನೀವು ಫೋಟೋ ತೆಗೆಯುವ ಜಾಗದಲ್ಲಿ ಬೆಳಕು ಎಷ್ಟಿರುತ್ತದೆ? ಅಲ್ಲಿ ನೀವು ಎಲ್ಲಿ ನಿಂತಿರುತ್ತೀರಿ?

ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಕ್ಯಾಮೆರಾ ಆರಿಸಿದ ಹಾಗೇ. ಎಷ್ಟು ಮೆಗಾಪಿಕ್ಸೆಲ್, ಯಾವ ಕಂಪನಿ, ಯೂಟ್ಯೂಬಿನಲ್ಲಿ ಯಾರು ಏನು ಹೇಳಿದರು ಎಂಬುದೆಲ್ಲ ಆಮೇಲಿನ ಮಾತು. ಇವತ್ತು ನಾನು ಹೇಳಲು ಬಂದಿರುವುದೂ ಇಷ್ಟೇ. ದುಡ್ಡನ್ನು ಕ್ಯಾಮೆರಾ ಬಾಡಿಯ ಮೇಲೆ ಸುರಿಯಬೇಡಿ, ಲೆನ್ಸಿನ ಮೇಲೆ ಹಾಕಿ. ಯಾವ ಲೆನ್ಸ್ ಎಂಬುದನ್ನು ನೀವು ಹೋಗುವ ಜಾಗವೇ ಹೇಳುತ್ತದೆ.

ಮದುವೆಯಿಂದ ಶುರು ಮಾಡೋಣ, ಯಾಕೆಂದರೆ ಕ್ಯಾಮೆರಾಕ್ಕೆ ಕಷ್ಟ ಕೊಡುವ ಜಾಗ ಅದು. ಕಲ್ಯಾಣ ಮಂಟಪ ನಮ್ಮ ಕಣ್ಣಿಗೆ ಝಗಝಗ ಅನ್ನಿಸುತ್ತದೆ. ಸೀರಿಯಲ್ ಸೆಟ್ಟು, ಹೂವಿನ ಅಲಂಕಾರ, ಬಣ್ಣಬಣ್ಣದ ಎಲ್ಇಡಿ. ಆದರೆ ಕ್ಯಾಮೆರಾದ ಲೆಕ್ಕದಲ್ಲಿ ಅದು ಮಬ್ಬು ಜಾಗ. ಹೊರಗಿನ ಬಿಸಿಲಿಗೆ ಹೋಲಿಸಿದರೆ ಅಲ್ಲಿನ ಬೆಳಕು ನೂರರಲ್ಲಿ ಒಂದು ಪಾಲೂ ಇಲ್ಲ. ಜೊತೆಗೆ ಅಲ್ಲಿ ಯಾವುದೂ ಸುಮ್ನೆ ನಿಂತಿರುವುದಿಲ್ಲ.

ಒಂದು ಕ್ಷಣವನ್ನು ನೆನೆಸಿಕೊಳ್ಳಿ. ಅಂತರಪಟ ಹಿಡಿದಿದ್ದಾರೆ. ಹುಡುಗ ಹುಡುಗಿ ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ ಇದೆ. ಪುರೋಹಿತರು ಮಂಗಳಾಷ್ಟಕ ಮುಗಿಸುತ್ತಿದ್ದಾರೆ, ಸುತ್ತ ನಿಂತ ಎಲ್ಲರೂ ಅಕ್ಷತೆ ಹಿಡಿದು ಕಾಯುತ್ತಿದ್ದಾರೆ. "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಾರೆ, ವಾಲಗದವರು ಜೋರಾಗಿ ಬಾರಿಸುತ್ತಾರೆ, ಪಟ ಸರಿಯುತ್ತದೆ, ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ, ಅಕ್ಷತೆ ಎಲ್ಲ ಕಡೆಯಿಂದ ಹಾರುತ್ತದೆ. ಇದಿಷ್ಟೂ ನಾಲ್ಕೈದು ಸೆಕೆಂಡಿನ ಕೆಲಸ. ಮತ್ತೊಮ್ಮೆ ಮಾಡಿ ಎಂದು ಕೇಳುವ ಹಾಗಿಲ್ಲ.

ಗಾಳಿಯಲ್ಲಿರುವ ಅಕ್ಷತೆ ಗೆರೆ ಗೆರೆಯಾಗದೆ ಕಾಳು ಕಾಳಾಗಿ ಕಾಣಬೇಕು ಅಂದರೆ ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು, ಕನಿಷ್ಠ ಸೆಕೆಂಡಿನ 250ನೇ ಒಂದು ಭಾಗದಷ್ಟು ವೇಗದಲ್ಲಿರಬೇಕು. ಕ್ಯಾಮೆರಾ ಜೊತೆಗೇ ಡಬ್ಬಿಯಲ್ಲಿ ಬರುವ ಕಿಟ್ ಲೆನ್ಸನ್ನು ಸ್ವಲ್ಪ ಜೂಮ್ ಮಾಡಿದರೆ ಅದರ ಕಿಂಡಿ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. ಸಾಧಾರಣ ಬೆಳಕಿನ ಛತ್ರದಲ್ಲಿ ಆ ಕಿಂಡಿಯಲ್ಲಿ ಅಷ್ಟು ವೇಗದ ಶಟರ್ ಬೇಕೆಂದರೆ ಐಎಸ್ಒ, ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಹಿಗ್ಗಿಸಿ ತೋರಿಸುವ ಮಟ್ಟ, 6400ರ ಹತ್ತಿರ ಹೋಗುತ್ತದೆ. ಫೋಟೋ ಬರುತ್ತದೆ, ಆದರೆ ಸೀರೆಯ ಜರಿ, ಮುಖದ ಅರಿಶಿನ, ಕಣ್ಣಂಚಿನ ನೀರು, ಇಂಥ ಸೂಕ್ಷ್ಮಗಳೆಲ್ಲ ಮರಳು ಮರಳಾಗುತ್ತವೆ. ಅದೇ ಜಾಗದಲ್ಲಿ ಅದೇ ಕ್ಯಾಮೆರಾಕ್ಕೆ ಎಫ್ 1.8ರ ಒಂದು ಲೆನ್ಸ್ ಹಾಕಿ. ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್ಒ 640ಕ್ಕೆ ಇಳಿಯುತ್ತದೆ. ಕ್ಯಾಮೆರಾ ಬದಲಾಗಿಲ್ಲ, ಫೋಟೋ ಮಾತ್ರ ಬೇರೆಯೇ ದರ್ಜೆಯದಾಗಿದೆ.

ಈ ಎಫ್ ನಂಬರಿನ ವಿಷಯ ಗೊಂದಲ ಮಾಡಿಕೊಳ್ಳಬೇಡಿ. ಹಂಪಿಗೆ ಹೋದವರು ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲ ಕೋಣೆ ನೋಡಿರುತ್ತೀರಿ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ನಮ್ಮ ಕೈಲಿರುವ ಎಲ್ಲ ಕ್ಯಾಮೆರಾದ ಮೂಲ ತತ್ವವೂ ಅದೇ. ಅಲ್ಲಿ ಗೋಪುರ ಯಾಕೆ ಅಷ್ಟು ಮಸುಕಾಗಿ ಕಾಣುತ್ತದೆ? ಕಿಂಡಿ ಚಿಕ್ಕದು, ಅದಕ್ಕೆ. ಲೆನ್ಸ್ ಕೂಡ ಹಾಗೇ. (ಲೆನ್ಸಿನ ಮಿ.ಮೀ. ನಂಬರ್ ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಕಡಿಮೆ ಆದಷ್ಟೂ ನೋಟ ಅಗಲ.) 50 ಮಿ.ಮೀ. ಲೆನ್ಸಿನಲ್ಲಿ ಎಫ್ 1.8 ಅಂದರೆ ಸುಮಾರು 28 ಮಿ.ಮೀ. ಅಗಲದ ಕಿಂಡಿ, ಎಫ್ 5.6 ಅಂದರೆ ಸುಮಾರು 9 ಮಿ.ಮೀ. ಅಗಲದ್ದು. ನಂಬರ್ ಕಡಿಮೆ ಆದಷ್ಟೂ ಕಿಂಡಿ ದೊಡ್ಡದು, ಬೆಳಕು ಜಾಸ್ತಿ.

50 ಮಿ.ಮೀ. ಎಫ್ 1.8 ಲೆನ್ಸ್ ಹೆಚ್ಚುಕಡಿಮೆ ಎಲ್ಲ ಕಂಪನಿಯಲ್ಲೂ ಇದೆ, ಮತ್ತು ಸಾಮಾನ್ಯವಾಗಿ ಅವರ ಅಗ್ಗದ ಲೆನ್ಸುಗಳ ಸಾಲಿನಲ್ಲೇ ಇರುತ್ತದೆ. ಇದಕ್ಕೆ ಜೂಮ್ ಇಲ್ಲ, ನೀವೇ ಹಿಂದೆ ಮುಂದೆ ಹೋಗಬೇಕು. ಇಲ್ಲಿ ಎರಡನೇ ಪ್ರಶ್ನೆ ಬರುತ್ತದೆ. ಎಲ್ಲಿ ನಿಂತಿರುತ್ತೀರಿ? ಮದುವೆಯಲ್ಲಿ ಎದುರುಗಡೆಯ ಜಾಗವನ್ನು ದುಡ್ಡು ಕೊಟ್ಟು ಕರೆಸಿದ ಫೋಟೋದವರೂ ವಿಡಿಯೋದವರೂ ಹಿಡಿದಿರುತ್ತಾರೆ, ಹಿಡಿದಿರಲೇಬೇಕು, ಅದು ಅವರ ಕೆಲಸ. ಮನೆಯವರಾದ ನಿಮಗೆ ಪಕ್ಕದ ಜಾಗ ಸಿಗುತ್ತದೆ, ಅದೇನೂ ಕೀಳಲ್ಲ. ಪಕ್ಕದಿಂದ ಕಾಣುವುದು ಧಾರೆ ಎರೆಯುವಾಗಿನ ಅಮ್ಮನ ಮುಖ, ಹಿಂದೆ ಕಲಶ ಹಿಡಿದು ನಿಂತ ತಂಗಿ, ಕನ್ನಡಕ ಒರೆಸಿಕೊಳ್ಳುತ್ತಿರುವ ಸೋದರಮಾವ. ಕರೆಸಿದ ಫೋಟೋಗ್ರಾಫರಿಗೆ ಇವರ್‍ಯಾರೂ ಗೊತ್ತಿಲ್ಲ, ನಿಮಗೆ ಗೊತ್ತು. ಮೂರ್ನಾಲ್ಕು ಮೀಟರ್ ದೂರದಿಂದ ಒಂದೊಂದೇ ಮುಖ ತೆಗೆಯಲು 50 ಮಿ.ಮೀ. ಹೇಳಿ ಮಾಡಿಸಿದ ಹಾಗಿರುತ್ತದೆ.

ಒಂದು ಎಚ್ಚರಿಕೆ. ಮೂರು ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ ಎಪಿಎಸ್-ಸಿ ಕ್ಯಾಮೆರಾದಲ್ಲಿ (ಮಧ್ಯಮ ಗಾತ್ರದ ಸೆನ್ಸರಿನದು, ಮುಂದೆ ಹೇಳುತ್ತೇನೆ) ಸ್ಪಷ್ಟವಾಗಿ ಬರುವ ಆಳ ಸುಮಾರು 25 ಸೆಂ.ಮೀ. ಮಾತ್ರ. ಹುಡುಗನ ಮುಖ ಮುಂದೆ, ಹುಡುಗಿಯದು ಒಂದಡಿ ಹಿಂದೆ ಇದ್ದರೆ ಒಬ್ಬರು ಮಸುಕಾಗುತ್ತಾರೆ. ಇಬ್ಬರನ್ನೂ ಸೇರಿಸಿ ತೆಗೆಯುವಾಗ ಎಫ್ 2.8ಕ್ಕೆ ಇಟ್ಟುಕೊಳ್ಳಿ.

ಮನೆಯೊಳಗಿನ ಕಾರ್ಯಗಳ ಕಥೆ ಬೇರೆ. ನಾಮಕರಣ, ಸೀಮಂತ, ಗೃಹಪ್ರವೇಶ ಇವೆಲ್ಲ ನಡೆಯುವುದು ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ, ಅದರಲ್ಲೇ ಮೂವತ್ತು ಜನ. ಅಲ್ಲಿ 50 ಮಿ.ಮೀ. ಹಿಡಿದರೆ ಬೆನ್ನು ಗೋಡೆಗೆ ತಾಗಿದರೂ ತೊಟ್ಟಿಲು ಪೂರ್ತಿ ಬರುವುದಿಲ್ಲ. 35 ಬೇಕು, ಇನ್ನೂ ಇಕ್ಕಟ್ಟಾದರೆ 24. ನಿಮ್ಮ ಮನೆಯಲ್ಲಿ ನಡೆಯುವುದು ಇಂಥ ಕಾರ್ಯಗಳೇ ಜಾಸ್ತಿ ಅಂದರೆ ಮೊದಲು 35 ತಗೊಳ್ಳಿ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದು ಕಡಿಮೆ. ನಮ್ಮ ಕರೆಂಟು 50 ಹರ್ಟ್ಸಿನದು, ಅದರಲ್ಲಿ ಉರಿಯುವ ಹಲವು ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಕ್ಯಾಮೆರಾವನ್ನು ಶಬ್ದ ಬಾರದ ಎಲೆಕ್ಟ್ರಾನಿಕ್ ಶಟರಿಗೆ ಹಾಕಿದ್ದರೆ ಫೋಟೋ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಬರುತ್ತವೆ, ಆಮೇಲೆ ಅದನ್ನು ಸರಿ ಮಾಡುವುದು ಬಹಳ ಕಷ್ಟ. ಛತ್ರದಲ್ಲಿ ಮೆಕ್ಯಾನಿಕಲ್, ಅಂದರೆ ನಿಜವಾಗಿ ತೆರೆದು ಮುಚ್ಚುವ ಶಟರ್ ಬಳಸಿ, ಪಟ್ಟಿ ಕಂಡರೆ ವೇಗವನ್ನು 100ನೇ ಒಂದಕ್ಕೆ ಇಳಿಸಿ, ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ. ತಗೊಳ್ಳುವಾಗಲೇ ಇದನ್ನು ನೋಡಬೇಕು. 2024ರಲ್ಲಿ ಬಂದ ಸೋನಿ ಝಡ್‌ವಿ-ಇ10 ಎರಡನೇ ಮಾದರಿಯಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ. ವಿಡಿಯೋ ಮಾಡುವವರಿಗೆ ಅದು ಒಳ್ಳೆಯ ಕ್ಯಾಮೆರಾ. ಛತ್ರದಲ್ಲಿ ಸ್ಟಿಲ್ ಫೋಟೋ ತೆಗೆಯಲು ನಾನು ಅದನ್ನು ಹೇಳುವುದಿಲ್ಲ.

ಈಗ ಸೆನ್ಸರ್, ಅಂದರೆ ಲೆನ್ಸಿನಿಂದ ಬಂದ ಬೆಳಕನ್ನು ಹಿಡಿದು ಫೋಟೋ ಮಾಡುವ ಚಿಪ್. ಫುಲ್ ಫ್ರೇಮ್ ಅಂದರೆ 36 x 24 ಮಿ.ಮೀ. ಎಪಿಎಸ್-ಸಿ ಸುಮಾರು 23.5 x 15.6. ಒಂದು ಇಂಚಿನದು ಎನ್ನುವ ಸೆನ್ಸರ್ ನಿಜವಾಗಿ 13.2 x 8.8 ಮಿ.ಮೀ., ಇಂಚಿನ ಲೆಕ್ಕ ಹಳೇ ಕಾಲದ ಟಿವಿ ಕ್ಯಾಮೆರಾ ಟ್ಯೂಬಿನಿಂದ ಬಂದದ್ದು. ಹೆಚ್ಚಿನ ಫೋನಿನದು ಅದಕ್ಕಿಂತ ಚಿಕ್ಕದು. ಸೆನ್ಸರ್ ದೊಡ್ಡದಾದಷ್ಟೂ ಮಬ್ಬು ಬೆಳಕಿನಲ್ಲಿ ಒಳ್ಳೆಯದು, ಜೊತೆಗೆ ಲೆನ್ಸ್ ದೊಡ್ಡದಾಗುತ್ತದೆ, ತೂಕ ಹೆಚ್ಚುತ್ತದೆ, ಬೆಲೆ ಏರುತ್ತದೆ. ಮನೆ ಮಟ್ಟಿಗೆ, ಪ್ರವಾಸಕ್ಕೂ ಶುಭಕಾರ್ಯಕ್ಕೂ ಸೇರಿಸಿ, ಎಪಿಎಸ್-ಸಿ ಸರಿಯಾದ ಜಾಗ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 4 x 6 ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಕರಿಜ್ಮಾ ಆಲ್ಬಮ್ಮಿನ 12 x 18 ಇಂಚಿನ ಒಂದು ಪೂರ್ತಿ ಪುಟಕ್ಕೆ ಸುಮಾರು 19 ಸಾಕು. ಈಗ ಸಿಗುವ ಹೆಚ್ಚಿನ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ 20ಕ್ಕಿಂತ ಜಾಸ್ತಿ ಇದ್ದೇ ಇದೆ.

ಇನ್ನು ಪ್ರವಾಸ. ಇಲ್ಲಿ ಬೆಳಕಿಗಿಂತ ದೂರ ಮತ್ತು ತೂಕ ನಿರ್ಧಾರ ಮಾಡುತ್ತವೆ. ಬೇಲೂರನ್ನು ತಗೊಳ್ಳಿ. ಚೆನ್ನಕೇಶವ ದೇವಸ್ಥಾನದ ಹೊರಗೆ ನಿಂತು ತಲೆಯೆತ್ತಿದರೆ ಸೂರಿನ ಕೆಳಗೆ ಶಿಲಾಬಾಲಿಕೆಯರು. ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು ಫೋನಿನಲ್ಲಿ ತೆಗೆದರೆ ಸೂರು, ಆಕಾಶ, ಕಂಬ ಎಲ್ಲ ಬಂದು ಅವಳು ಹೆಬ್ಬೆರಳಷ್ಟಾಗುತ್ತಾಳೆ. ಅವಳ ಬೆರಳಿನ ಉಂಗುರ, ಕೊರಳ ಸರದ ಕೆತ್ತನೆ ಕಾಣಬೇಕಾದರೆ 100ರಿಂದ 150 ಮಿ.ಮೀ. ಜೂಮ್ ಬೇಕು. ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ ನವರಂಗಕ್ಕೆ ಹೋದರೆ ಪೂರ್ತಿ ಉಲ್ಟಾ. ಕತ್ತಲು, ಇಕ್ಕಟ್ಟು, ಮೇಲೆ ಭುವನೇಶ್ವರಿ ಎನ್ನುವ ಕೆತ್ತನೆಯ ಒಳಛಾವಣಿ, ಸುತ್ತ ಮಿರುಗುವ ಕಂಬಗಳು. ಅಲ್ಲಿ 18 ಮಿ.ಮೀ. ಬೇಕು, ದೊಡ್ಡ ಕಿಂಡಿ ಬೇಕು, ಇಲ್ಲವೇ ಕೈ ನಡುಗಿದರೂ ಫೋಟೋ ನಡುಗದ ಹಾಗೆ ಸ್ಟೆಬಿಲೈಜೇಷನ್ ಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸುವ ಹಾಗಿಲ್ಲ, ಹಾಗಾಗಿ ಅದನ್ನು ನಂಬಿ ಹೋಗಬೇಡಿ. ಕಂಬಕ್ಕೆ ಒರಗಿ, ಉಸಿರು ಬಿಗಿ ಹಿಡಿದು, ಒಂದೇ ಫೋಟೋವನ್ನು ನಾಲ್ಕೈದು ಸಲ ತೆಗೆಯಿರಿ. ಒಂದಾದರೂ ಸ್ಪಷ್ಟವಾಗಿ ಬರುತ್ತದೆ.

ಒಂದೇ ಗುಡಿಯಲ್ಲಿ 18 ಮಿ.ಮೀ. ಕೂಡ ಬೇಕು, 150 ಕೂಡ ಬೇಕು ಅಂದಾಗ ಉತ್ತರ ಒಂದೇ, ಉದ್ದ ವ್ಯಾಪ್ತಿಯ ಒಂದು ಜೂಮ್. ಕ್ಯಾನನ್‌ನಲ್ಲಿ 18-150, ನಿಕಾನ್ ಝಡ್‌ನಲ್ಲಿ 18-140, ಸೋನಿಯಲ್ಲಿ 18-135. ಮೂರೂ 300 ಗ್ರಾಂ ಆಸುಪಾಸು. ಕ್ಯಾನನ್ ಆರ್50 ಬಾಡಿ ಬ್ಯಾಟರಿ ಸೇರಿ 375 ಗ್ರಾಂ ಇದೆ, ನಿಕಾನ್ ಝಡ್50 ಎರಡನೇ ಮಾದರಿ 550 ಗ್ರಾಂ. ಎಲ್ಲ ಸೇರಿದರೂ ಒಂದು ಕೆಜಿಯೊಳಗೇ. ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತಿ ಸೂರ್ಯೋದಯ ನೋಡುವಾಗ, ಅಥವಾ ಮಧ್ಯಾಹ್ನದ ಬಿಸಿಲಿನಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಹತ್ತಿರ ಮಗುವನ್ನೂ ಎತ್ತಿಕೊಂಡು ನಡೆಯುವಾಗ ಈ ತೂಕದ ಬೆಲೆ ಗೊತ್ತಾಗುತ್ತದೆ. ಭಾರದ ಕ್ಯಾಮೆರಾ ಎರಡನೇ ದಿನಕ್ಕೆ ಹೋಟೆಲ್ ರೂಮಿನಲ್ಲೇ ಉಳಿಯುತ್ತದೆ.

ಆರ್50, ಝಡ್50 ಎರಡರ ಹೆಸರು ಹೇಳಲು ಇನ್ನೊಂದು ಕಾರಣ ಇದೆ. ಎರಡಕ್ಕೂ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆ. ಹಂಪಿಯ ಹನ್ನೆರಡು ಗಂಟೆ ಬಿಸಿಲಿನಲ್ಲಿ ಹಿಂದಿನ ಪರದೆ ಏನೂ ಕಾಣುವುದಿಲ್ಲ, ಅಂದಾಜಿನ ಮೇಲೆ ತೆಗೆಯಬೇಕಾಗುತ್ತದೆ. ವಿಡಿಯೋದವರಿಗೆಂದು ಮಾಡಿದ ಹಲವು ಚಿಕ್ಕ ಕ್ಯಾಮೆರಾಗಳಲ್ಲಿ ವ್ಯೂಫೈಂಡರ್ ತೆಗೆದುಬಿಟ್ಟಿದ್ದಾರೆ. ಅಂಗಡಿಯ ಎಸಿಯೊಳಗೆ ನಿಂತು ನೋಡಿದಾಗ ಈ ಕೊರತೆ ಗೊತ್ತೇ ಆಗುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಿ ಕ್ಯಾಮೆರಾ ಹಿಡಿದು ಬಿಸಿಲಿಗೆ ಬಂದು ನೋಡಿ.

ಆದರೆ ಈ ಎರಡು ಬಾಡಿಗಳ ಒಳಗೆ ಸ್ಟೆಬಿಲೈಜೇಷನ್ ಇಲ್ಲ, ಲೆನ್ಸಿನಲ್ಲಿ ಇರುವುದನ್ನೇ ನಂಬಬೇಕು. ಬಾಡಿಯಲ್ಲೇ ಬೇಕು ಅಂದರೆ ಸೋನಿ 6700, ಕ್ಯಾನನ್ ಆರ್7, ಫ್ಯೂಜಿಫಿಲ್ಮ್ ಎಕ್ಸ್-ಎಸ್20 ಈ ಸಾಲಿಗೆ ಏರಬೇಕು, ದುಡ್ಡೂ ಏರುತ್ತದೆ. ಗುಡಿಗಳ ಒಳಾಂಗಣ, ಸಂಜೆ ದೀಪ ಹತ್ತಿದ ಮೈಸೂರು ಅರಮನೆ ಇಂಥವೇ ನಿಮಗಿಷ್ಟ ಅಂದರೆ ಅದು ದಂಡವಲ್ಲ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಹತ್ತಿದ ತಕ್ಷಣ, ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವಾಗಲೇ ತೆಗೆಯಿರಿ. ಪೂರ್ತಿ ಕತ್ತಲಾದ ಮೇಲೆ ಬಲ್ಬುಗಳು ಮಾತ್ರ ಉಳಿಯುತ್ತವೆ, ಕಟ್ಟಡ ಕಾಣೆಯಾಗುತ್ತದೆ.

ಕಾಡು ಮತ್ತು ಹಕ್ಕಿ ಬೇರೆಯೇ ಲೋಕ. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರವೇ ಹೋಗುವುದರಿಂದ 55-250 ಥರದ ಲೆನ್ಸಿನಲ್ಲೂ ಚಮಚದ ಕೊಕ್ಕಿನ ಹಕ್ಕಿ, ಬಣ್ಣದ ಕೊಕ್ಕರೆ ಚೆನ್ನಾಗಿ ಬರುತ್ತವೆ. ಕಬಿನಿಯಲ್ಲಿ ಹಾಗಲ್ಲ. ಸಫಾರಿ ಬೆಳಿಗ್ಗೆ ಸಂಜೆ, ಎರಡೂ ಹೊತ್ತು ಬೆಳಕು ಕಮ್ಮಿ, ಜೀಪು ಅಲುಗಾಡುತ್ತದೆ, ಹುಲಿ ಕಂಡರೂ ಎಲ್ಲೋ ದೂರದಲ್ಲಿ. 400 ಮಿ.ಮೀ.ಗಿಂತ ಕಡಿಮೆ ಹಿಡಿದು ಹೋದರೆ ನಿರಾಸೆ. ಆದರೆ ವರ್ಷಕ್ಕೊಮ್ಮೆ ಹೋಗುವ ಸಫಾರಿಗೆ ಆ ಲೆನ್ಸ್ ಕೊಳ್ಳಬೇಡಿ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ, ಗುರುತಿನ ಚೀಟಿ ಮತ್ತು ಡೆಪಾಸಿಟ್ ಕೇಳುತ್ತಾರೆ. ಸಫಾರಿಯಲ್ಲಿ ಉದ್ದ ಲೆನ್ಸಿಗೆ ಬೇರೆ ಶುಲ್ಕವೂ ಇರುತ್ತದೆ, ಬುಕ್ ಮಾಡುವಾಗಲೇ ವಿಚಾರಿಸಿ.

"ನಿಕಾನ್ ಪಿ1000ನಲ್ಲಿ 125 ಪಟ್ಟು ಜೂಮ್ ಇದೆಯಂತಲ್ಲ" ಎಂದು ಕೇಳುತ್ತಾರೆ. ಹೌದು, 3000 ಮಿ.ಮೀ.ಗೆ ಸಮ, ಚಂದ್ರನ ಗುಂಡಿಗಳನ್ನು ತೆಗೆಯಬಹುದು. ಹಗಲು ಬೆಳಕಿನಲ್ಲಿ ಮರದ ತುದಿಯ ಹಕ್ಕಿಗೂ ಚೆನ್ನ. ಆದರೆ ಒಳಗಿನ ಸೆನ್ಸರ್ ತೀರಾ ಚಿಕ್ಕದು, ತೂಕ 1.4 ಕೆಜಿ. ಸಂಜೆಯ ಕಬಿನಿಗೂ ಆಗುವುದಿಲ್ಲ, ಛತ್ರಕ್ಕಂತೂ ಬೇಡವೇ ಬೇಡ.

ಮಳೆಗಾಲದ ವಿಷಯಕ್ಕೆ ಸ್ವಲ್ಪ ಜಾಸ್ತಿ ಸಮಯ ತಗೊಳ್ಳುತ್ತೇನೆ, ಇದು ನಮ್ಮ ಸೀಮೆಯ ಸಮಸ್ಯೆ. ಆಗುಂಬೆ, ಜೋಗ, ಕೊಡಗಿಗೆ ಜನ ಹೋಗುವುದೇ ಮಳೆ ನೋಡಲು. ವೆದರ್ ಸೀಲಿಂಗ್ ಇದೆ ಅಂದರೆ ತುಂತುರು ತಡೆಯುತ್ತದೆ ಅಂತ ಅರ್ಥ, ನೀರಲ್ಲಿ ಮುಳುಗಿಸಬಹುದು ಅಂತಲ್ಲ. ಹೊಳೆಗೆ ಇಳಿಯುವವರಿಗೆ, ಗೋಕರ್ಣದ ಅಲೆಯಲ್ಲಿ ಮಕ್ಕಳ ಜೊತೆ ಆಡುವವರಿಗೆ ಗೋಪ್ರೋ ಅಥವಾ 15 ಮೀಟರ್ ಆಳದವರೆಗೆ ತಡೆಯುವ ಓಎಂ ಸಿಸ್ಟಂ ಟಿಜಿ-7 ಥರದ್ದು ಬೇರೆಯೇ ಇದೆ. ಎಸಿ ಹಾಕಿದ ಕಾರಿನಿಂದ ಕರಾವಳಿಯ ಸೆಕೆಗೆ ಕ್ಯಾಮೆರಾ ತೆಗೆದರೆ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ. ಒರೆಸುತ್ತಾ ಕೂರಬೇಡಿ, ಮತ್ತೆ ಮತ್ತೆ ಕಟ್ಟುತ್ತದೆ. ಬ್ಯಾಗಿನೊಳಗೇ ಇಟ್ಟು, ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ.

ಇದಕ್ಕಿಂತ ದೊಡ್ಡ ಶತ್ರು ಬೂಷ್ಟು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮನೆ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್‌ನಲ್ಲಿ ಬ್ಯಾಗಿನಲ್ಲಿಟ್ಟ ಕ್ಯಾಮೆರಾವನ್ನು ಗಣೇಶನ ಹಬ್ಬಕ್ಕೆ ತೆಗೆದರೆ ಲೆನ್ಸಿನ ಗಾಜಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣುತ್ತವೆ. ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಹಲವು ಸಲ ರಿಪೇರಿಯ ಖರ್ಚು ಲೆನ್ಸಿನ ಬೆಲೆಯ ಹತ್ತಿರ ಹೋಗುತ್ತದೆ. ದುಬಾರಿ ಲೆನ್ಸುಗಳಿದ್ದರೆ ಡ್ರೈ ಕ್ಯಾಬಿನೆಟ್ ತಗೊಂಡು ತೇವಾಂಶ 40ರಿಂದ 50 ಶೇಕಡಾದಲ್ಲಿ ಇಡಿ. ಒಂದೆರಡು ಲೆನ್ಸ್ ಮಾತ್ರ ಅಂದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾದಾಗ ಜೆಲ್ ಅನ್ನು ಬಿಸಿ ಮಾಡಿ ತೇವ ತೆಗೆದು ಮತ್ತೆ ಹಾಕಿ. ಚರ್ಮದ ಚೀಲದಲ್ಲಿ, ಬಟ್ಟೆಯ ಬೀರುವಿನಲ್ಲಿ ಮಾತ್ರ ಇಡಬೇಡಿ. ಎಲ್ಲಕ್ಕಿಂತ ಒಳ್ಳೆಯ ಔಷಧಿ ಆಗಾಗ ಹೊರಗೆ ತೆಗೆದು ಬಳಸುವುದು.

ಜೇಬಿನಲ್ಲಿ ಹಿಡಿಸುವ ಕ್ಯಾಮೆರಾಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸೋನಿ ಆರ್‌ಎಕ್ಸ್100 ಏಳನೇ ಮಾದರಿ ಅಂಗಿ ಜೇಬಿನಷ್ಟು, ಒಂದಿಂಚಿನ ಸೆನ್ಸರ್, 24-200 ಜೂಮ್. ಗಂಡ ಹೆಂಡತಿ ಇಬ್ಬರೇ ವಿದೇಶ ಪ್ರವಾಸಕ್ಕೆ ಹೋಗುವಾಗ, ಬ್ಯಾಗು ಬೇಡ ಅನ್ನುವವರಿಗೆ ಒಳ್ಳೆಯದು. ಫ್ಯೂಜಿಫಿಲ್ಮ್ ಎಕ್ಸ್100-6 ತುಂಬಾ ಚಂದದ ಕ್ಯಾಮೆರಾ, ಎಫ್ 2 ಲೆನ್ಸ್ ಇರುವುದರಿಂದ ಮನೆಯೊಳಗಿನ ಕಾರ್ಯಕ್ಕೂ ಆಗುತ್ತದೆ, ಆದರೆ ಲೆನ್ಸ್ ಬದಲಿಸಲು ಬರುವುದಿಲ್ಲ, ಜೂಮ್ ಇಲ್ಲ, ಬೆಲೆ ಜಾಸ್ತಿ. ನಡೆಯುತ್ತಾ ವಿಡಿಯೋ ಮಾಡುವವರಿಗೆ ಡಿಜೆಐ ಆಸ್ಮೋ ಪಾಕೆಟ್ 3.

ಕಾರ್ಡು, ಬ್ಯಾಟರಿ ಎಲ್ಲರೂ ಕೊನೆಗೆ ನೆನೆಸಿಕೊಳ್ಳುವ ವಸ್ತುಗಳು. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಆದರೆ ಗಂಟೆಗೆ 45 ಜಿಬಿ ಬೇಕು. 64 ಜಿಬಿಯ ಒಂದು ಕಾರ್ಡು ಮುಹೂರ್ತಕ್ಕೆ ಮುಗಿದು ಆರತಕ್ಷತೆಗೆ ಏನೂ ಉಳಿಯುವುದಿಲ್ಲ. ಕಾರ್ಡಿನ ಮೇಲೆ ವಿ30 ಎಂಬ, ವಿಡಿಯೋ ಬರೆಯುವ ವೇಗದ ಗುರುತು ನೋಡಿ ತಗೊಳ್ಳಿ, ಒಂದು ದೊಡ್ಡ ಕಾರ್ಡಿಗಿಂತ ಎರಡು ಮಧ್ಯಮದ್ದು ವಾಸಿ, ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಎರಡನೇ ಬ್ಯಾಟರಿ ಬೇಕೇ ಬೇಕು. ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಲಗೇಜಿನಲ್ಲಿ ಹಾಕುವ ಹಾಗಿಲ್ಲ. ಮಿತಿ 100 ವ್ಯಾಟ್-ಅವರ್. ಕ್ಯಾಮೆರಾ ಬ್ಯಾಟರಿ ಅದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಚಿಂತೆ ಬೇಡ.

ಇನ್ನು ಸಭಿಕರ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಮ್ಮ ಕೇಳಿದರು: "ಅಷ್ಟೇ ದುಡ್ಡು ಹಾಕಿ ಒಳ್ಳೇ ಫೋನ್ ತಗೊಂಡ್ರೆ ಆಗಲ್ವಾ?"

ಪ್ರವಾಸದ ಮಟ್ಟಿಗೆ ಬಹಳಷ್ಟು ಆಗುತ್ತದೆ, ಅಮ್ಮ. ಹಗಲು ಬೆಳಕಿನಲ್ಲಿ ತೆಗೆದ ಫೋಟೋ ನಿಮ್ಮ ಫೋನಿನ ಪರದೆಯಲ್ಲೇ ನೋಡುವುದು ಅಂದರೆ ಕ್ಯಾಮೆರಾ ಬೇಡ. ಫೋನು ಸೋಲುವುದು ಮೂರು ಕಡೆ. ಮಬ್ಬಿನಲ್ಲಿ ಚಲಿಸುವ ವಸ್ತು ಒಂದು. ಫೋನಿನ ನೈಟ್ ಮೋಡ್ ಹಲವು ಫೋಟೋಗಳನ್ನು ತೆಗೆದು ಒಂದರ ಮೇಲೊಂದು ಜೋಡಿಸುತ್ತದೆ, ಅರಮನೆಗೆ ಅದು ಸರಿ, ಗಿರಗಿರನೆ ತಿರುಗುತ್ತಾ ಧಿಂಗಿಣ ಹಾಕುವ ಯಕ್ಷಗಾನದ ವೇಷಕ್ಕೆ ಅಲ್ಲ. ದೂರದ್ದು ಎರಡನೆಯದು. ಮೂರನೆಯದು ಮುಖ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರ ಹೋಗಿ ತೆಗೆದರೆ ಮೂಗು ದಪ್ಪ ಕಾಣುತ್ತದೆ, ಇನ್ನೂ ಅಗಲದ ಲೆನ್ಸಿಗೆ ಹಾಕಿ ಮನೆಮಂದಿಯ ಗುಂಪು ಫೋಟೋ ತೆಗೆದರೆ ತುದಿಯಲ್ಲಿ ನಿಂತ ಅತ್ತೆ, ಚಿಕ್ಕಮ್ಮ ಇದ್ದಕ್ಕಿಂತ ಅಗಲವಾಗುತ್ತಾರೆ. ಫೋನೇ ಬಳಸುವುದಾದರೆ ಮುಖಗಳಿಗೆ ಎರಡು ಪಟ್ಟೋ ಮೂರು ಪಟ್ಟೋ ಜೂಮ್ ಹಾಕಿ ಎರಡು ಹೆಜ್ಜೆ ಹಿಂದೆ ನಿಲ್ಲಿ, ಗುಂಪಿಗೆ ಮುಖ್ಯ ಲೆನ್ಸನ್ನೇ ಬಳಸಿ.

ಒಬ್ಬ ಹಿರಿಯರು: "ಮಗಳು ಅಮೆರಿಕದಿಂದ ಬರ್ತಿದ್ದಾಳೆ, ಅಲ್ಲಿಂದಲೇ ತರಿಸಲಾ?"

ತರಿಸಬಹುದು ಸರ್. ಆದರೆ ಹೊರದೇಶದಲ್ಲಿ ಕೊಂಡ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಇಲ್ಲಿ ಕಂಪನಿಯ ವಾರಂಟಿ ಸಿಗುವುದಿಲ್ಲ, ಇಲ್ಲಿನ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ಕಸ್ಟಮ್ಸ್ ಸುಂಕ ಸೇರಿಸಿದರೆ ಉಳಿತಾಯ ಎಷ್ಟು ಎಂದೂ ಲೆಕ್ಕ ಹಾಕಿ. ಜಪಾನಿನಿಂದ ತರಿಸುವವರು ಇನ್ನೂ ಹುಷಾರು, ಅಲ್ಲಿನ ಮಾರುಕಟ್ಟೆಗೆ ಮಾಡಿದ ಬಹುತೇಕ ಸೋನಿ ಕ್ಯಾಮೆರಾಗಳಲ್ಲಿ ಜಪಾನಿ ಭಾಷೆಯ ಮೆನು ಮಾತ್ರ ಇರುತ್ತದೆ. ಇಲ್ಲೇ ಕೊಂಡರೂ ಜಿಎಸ್‌ಟಿ ಬಿಲ್ಲು, ಕಂಪನಿಯ ಭಾರತದ ವಾರಂಟಿ ಎರಡೂ ಕೇಳಿ ಪಡೆಯಿರಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ.

ಕಾಲೇಜಿನ ಹುಡುಗ: "ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೋಬಹುದಾ ಸರ್? ಬಜೆಟ್ ಕಮ್ಮಿ."

ಖಂಡಿತ ತಗೋ. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್ (ಡಿಎಸ್‌ಎಲ್‌ಆರ್‌ನಲ್ಲಿರುವ ಕನ್ನಡಿ ಇಲ್ಲದ ಕ್ಯಾಮೆರಾ) ಶುರು ಮಾಡಿದ ಮೇಲೆ ಜನ ಹಳೆಯದನ್ನು ಮಾರುತ್ತಿದ್ದಾರೆ, ಒಳ್ಳೊಳ್ಳೆಯ ಡಿಎಸ್‌ಎಲ್‌ಆರ್ ಕಡಿಮೆಗೆ ಸಿಗುತ್ತವೆ. ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಸಲ ಶಟರ್ ತೆರೆದಿದೆ ಅಂತ, ಕೇಳು, ಕೆಳದರ್ಜೆಯ ಮಾಡೆಲ್‌ಗಳಿಗೆ ಸುಮಾರು ಒಂದು ಲಕ್ಷದ ಆಯಸ್ಸು ಅಂತ ಲೆಕ್ಕ. ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟು ಬೂಷ್ಟು ಇದೆಯಾ ನೋಡು. ನಿಕಾನ್ ಡಿ3500, ಡಿ5600 ಥರದ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, ಹಳೆಯ 50 ಎಫ್ 1.8 ಡಿ ಲೆನ್ಸ್ ಹಾಕಿದರೆ ಆಟೋಫೋಕಸ್ ಆಗುವುದಿಲ್ಲ, ಎಎಫ್-ಎಸ್ ಅಂತ ಬರೆದದ್ದೇ ಬೇಕು. ಕ್ಯಾನನ್ ಆದರೆ 50 ಎಫ್ 1.8 ಎಸ್‌ಟಿಎಂ ಸುಮ್ನೆ ಹಾಕಬಹುದು.

ಕೊನೆಗೆ ಒಬ್ಬ ತಂಗಿ ಎದ್ದು ನಿಂತು, "ಅಣ್ಣನ ಮದುವೆ ಮುಂದಿನ ತಿಂಗಳೇ ಇದೆ, ನನ್ನತ್ರ ಕಿಟ್ ಲೆನ್ಸಿನ ಕ್ಯಾಮೆರಾ ಇದೆ, ಈಗ ಹೊಸದು ತಗೊಳ್ಲಾ?" ಎಂದು ಕೇಳಿದರು.

ಕ್ಯಾಮೆರಾ ಬೇಡ. ನಿಮ್ಮ ಬಾಡಿಗೆ ಹೊಂದುವ ಎಫ್ 1.8 ಲೆನ್ಸ್ ಒಂದನ್ನು ಈ ವಾರ ತಗೊಳ್ಳಿ, ಇಲ್ಲಾ ಎರಡು ದಿನಕ್ಕೆ ಬಾಡಿಗೆಗೆ ತಂದು ನೋಡಿ. ಸಂಜೆ ಟ್ಯೂಬ್‌ಲೈಟ್ ಹಾಕಿ ಮನೆಯವರು ಓಡಾಡುವುದನ್ನು ತೆಗೆಯಿರಿ. ಶಟರ್ 250ನೇ ಒಂದರಲ್ಲಿ, ಐಎಸ್ಒ ಆಟೋದಲ್ಲಿ ಇಟ್ಟು, ಕಣ್ಣಿಗೆ ಫೋಕಸ್ ಕೂರುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮದುವೆಗೆ ಮುಂಚೆ ಛತ್ರ ನೋಡಲು ಹೋಗುತ್ತೀರಲ್ಲ, ಅವತ್ತೇ ಮಂಟಪದ ದೀಪ ಹಾಕಿಸಿ ಪಕ್ಕದಿಂದ ನಾಲ್ಕು ಫೋಟೋ ತೆಗೆದು ಅಡ್ಡ ಪಟ್ಟಿ ಬರುತ್ತದಾ ನೋಡಿ. ಮದುವೆಗೆ ಕರೆಸಿದ ಫೋಟೋಗ್ರಾಫರಿಗೆ ಮೊದಲೇ ಹೇಳಿಡಿ, ನಾನು ಬಲಗಡೆ ನಿಂತಿರ್ತೀನಿ, ನಿಮಗೆ ಅಡ್ಡ ಬರಲ್ಲ ಅಂತ. ಫ್ಲಾಶ್ ಹಾಕಬೇಡಿ. ಮಾಂಗಲ್ಯಧಾರಣೆ ಆದ ಮೇಲೆ ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ನೀವೂ ಹೋಗಿ ಅಕ್ಷತೆ ಹಾಕಿ ಬನ್ನಿ, ಅತ್ತಿಗೆಯ ಪಕ್ಕ ನಿಂತು ಆ ಫೋಟೋಗ್ರಾಫರ್ ಹತ್ತಿರ ಒಂದು ಫೋಟೋ ತೆಗೆಸಿಕೊಳ್ಳಿ.